ಘಟಿಕೆ, ಗೋಡೆ, ಸಹಿ

ಘಟಿಕೋತ್ಸವ ಎಂಬ ಪದದೊಳಗಿನ 'ಘಟಿಕಾ' ಕನ್ನಡ ನಾಡಿಗೆ ಹೊಸದಲ್ಲ. ಶಿವಮೊಗ್ಗ ಜಿಲ್ಲೆಯ ತಾಳಗುಂದದ 5ನೇ ಶತಮಾನದ ಸ್ತಂಭಶಾಸನವು, ಕದಂಬ ವಂಶದ ಮೂಲಪುರುಷನಾದ ಮಯೂರಶರ್ಮನು ಗುರು ವೀರಶರ್ಮನೊಡನೆ ವಿದ್ಯಾಭ್ಯಾಸಕ್ಕಾಗಿ ಕಂಚಿಯ ಘಟಿಕೆಯನ್ನು ಹೊಕ್ಕನೆಂದು ಹೇಳುವಾಗ, ಆ ಪದಕ್ಕೆ ಪಂಡಿತರು ಕೂಡಿ ಓದುವ ಮತ್ತು ವಾದಿಸುವ ಉನ್ನತ ವಿದ್ಯಾಸ್ಥಾನ ಎಂಬ ಅರ್ಥವಿದೆ. ಕಾಲಗಣನೆಯಲ್ಲಿ ಘಟಿಕೆಯೆಂದರೆ 24 ನಿಮಿಷ: ತಳದಲ್ಲಿ ಸಣ್ಣ ತೂತಿರುವ ಬಟ್ಟಲನ್ನು ನೀರಿನ ಮೇಲೆ ಬಿಟ್ಟರೆ ಅದು ತುಂಬಿ ಮುಳುಗುವಷ್ಟು ಹೊತ್ತು, ಆಡುಮಾತಿನಲ್ಲಿ ಗಳಿಗೆ, ದಿನವೊಂದಕ್ಕೆ ಅಂಥವು 60. ಎರಡು ಅರ್ಥಗಳ ನಡುವಿನ ನಂಟು ಪಂಡಿತರ ಚರ್ಚೆಗೆ ಬಿಟ್ಟ ವಿಷಯ. ಆದರೆ ಅರಸೀಕೆರೆ, ಬೇಲೂರು, ಹಳೇಬೀಡು, ಹಾರನಹಳ್ಳಿಗಳ ಮನೆಗಳಿಂದ ಬಂದು ಇಂದು ಪದವಿ ಸ್ವೀಕರಿಸುತ್ತಿರುವವರ ವಿದ್ಯಾರ್ಥಿ ಜೀವನವನ್ನು ಅರಿಯಬೇಕಾದರೆ ಎರಡು ಅರ್ಥಗಳೂ ಬೇಕಾಗುತ್ತವೆ. ಅವರ ವಿದ್ಯಾಸ್ಥಾನದ ಅರ್ಧ ಭಾಗ ಅಂಗೈಯೊಳಗಿನ ಮೊಬೈಲಿನಲ್ಲಿತ್ತು, ಅವರ ಗಳಿಗೆಗಳನ್ನು ನುಂಗಿದ್ದೂ ಅದೇ ಮೊಬೈಲು.

ವಿದ್ಯಾರ್ಥಿಯ ಮೊಬೈಲು ಕೇವಲ ಕಾಲಹರಣದ ಸಾಧನವೆಂಬ ಮಾತು ಸಭೆಗಳಲ್ಲಿ ಸುಲಭವಾಗಿ ಚಪ್ಪಾಳೆ ಗಿಟ್ಟಿಸುತ್ತದೆಯಾದರೂ ಅದು ಸತ್ಯಕ್ಕೆ ಬಹಳ ದೂರ. ಕರ್ನಾಟಕದ ಪದವಿ ವಿದ್ಯಾರ್ಥಿಯ ಪ್ರವೇಶ, ಪರೀಕ್ಷಾ ಶುಲ್ಕ ಮತ್ತು ಫಲಿತಾಂಶಗಳು ಯುಯುಸಿಎಂಎಸ್ ಎಂಬ ಏಕೀಕೃತ ಜಾಲತಾಣದ ಮೂಲಕ, ವಿದ್ಯಾರ್ಥಿವೇತನವು ಎಸ್‌ಎಸ್‌ಪಿ ಎಂಬ ಮತ್ತೊಂದರ ಮೂಲಕ ಸಾಗುತ್ತವೆ; ಎರಡಕ್ಕೂ ಒಟಿಪಿ, ಅಂದರೆ ಒಂದೇ ಸಲ ಬಳಸಬಹುದಾದ ಗುಪ್ತಸಂಖ್ಯೆ, ಬರುವುದು ಮೊಬೈಲಿಗೇ. ಊಟದ ದುಡ್ಡು 2016ರಲ್ಲಿ ಆರಂಭವಾದ ಯುಪಿಐ ಮೂಲಕ ಪಾವತಿಯಾಗುತ್ತದೆ, ತರಗತಿ ರದ್ದಾದ ಸುದ್ದಿ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬೀಳುತ್ತದೆ, ಕೊಬ್ಬರಿ ಧಾರಣೆ ಎಷ್ಟಾಯಿತೆಂದು ಮನೆಯ ಹಿರಿಯರು ಕೇಳಿದರೆ ನೋಡಿ ಹೇಳಬೇಕಾದವರೂ ಓದುವ ಮಕ್ಕಳೇ. ರಾತ್ರಿ ಹತ್ತಕ್ಕೆ ಗುಂಪಿನಲ್ಲಿ ಸೂಚನೆ ಹಾಕಿ, ಬೆಳಿಗ್ಗೆ ಹತ್ತಕ್ಕೆ ಮೊಬೈಲಿನ ದುಷ್ಪರಿಣಾಮಗಳ ಕುರಿತು ಉಪನ್ಯಾಸ ಏರ್ಪಡಿಸುವ ಕಾಲೇಜುಗಳು ಈ ವಿರೋಧಾಭಾಸವನ್ನು ಇನ್ನೂ ಗಮನಿಸಿದಂತಿಲ್ಲ.

ಈ ಅವಲಂಬನೆ ಗಟ್ಟಿಯಾದದ್ದು 2020ರಲ್ಲಿ. ಕೊರೊನಾ ಕಾಲದಲ್ಲಿ ಶಾಲೆಗಳು ಮುಚ್ಚಿದಾಗ ಮಲೆನಾಡಿನ ಮಕ್ಕಳು ನೆಟ್‌ವರ್ಕ್ ಸಿಗುವ ಗುಡ್ಡಗಳನ್ನು ಹುಡುಕಿಕೊಂಡು ಹೋದರು. ಸರ್ಕಾರವು ವಿದ್ಯಾಗಮ ಎಂಬ ಯೋಜನೆಯಡಿ ಶಿಕ್ಷಕರನ್ನೇ ಊರುಗಳ ಜಗಲಿ, ಗುಡಿ, ಮರದ ನೆರಳುಗಳಿಗೆ ಕಳುಹಿಸಿತು. ಮೊಬೈಲು ಇರುವವರು, ಇಲ್ಲದವರು ಎಂದು ವಿಂಗಡಿಸಿಯೇ ಮಕ್ಕಳ ಗುಂಪುಗಳನ್ನು ಮಾಡಬೇಕಾಯಿತು. ಆ ವಿಂಗಡಣೆ ಇಂದಿಗೂ ಪೂರ್ತಿ ಅಳಿದಿಲ್ಲ, ಅದಕ್ಕೆ ಈಗ ಹೆಣ್ಣು-ಗಂಡಿನ ರೂಪವಿದೆ. ಗ್ರಾಮೀಣ ಭಾರತದ ಶಿಕ್ಷಣದ ಸ್ಥಿತಿಯನ್ನು ಅಳೆಯುವ ಅಸರ್ ಸಮೀಕ್ಷೆಯು 2023ರಲ್ಲಿ 14ರಿಂದ 18 ವರ್ಷದವರನ್ನು ವಿಚಾರಿಸಿದಾಗ, ಸ್ಮಾರ್ಟ್‌ಫೋನ್ ಬಳಸಬಲ್ಲ ಹುಡುಗರಲ್ಲಿ ಶೇ. 43.7 ಮಂದಿಗೆ ಸ್ವಂತ ಫೋನಿದ್ದರೆ ಹುಡುಗಿಯರಲ್ಲಿ ಶೇ. 19.8 ಮಂದಿಗಷ್ಟೇ ಇತ್ತು. ಮರುವರ್ಷ 14ರಿಂದ 16 ವರ್ಷದವರ ಲೆಕ್ಕ ತೆಗೆದಾಗ, ಬಳಸಲು ಬಲ್ಲವರಲ್ಲಿ ಹಿಂದಿನ ಒಂದು ವಾರದಲ್ಲಿ ಓದಿಗಾಗಿ ಫೋನ್ ಹಿಡಿದವರು ಶೇ. 57, ಸಾಮಾಜಿಕ ಜಾಲತಾಣಕ್ಕಾಗಿ ಹಿಡಿದವರು ಶೇ. 76. ಅಣ್ಣನ ಫೋನನ್ನು ಕೇಳಿ ಪಡೆದು, ಅವನೆದುರೇ ಫಲಿತಾಂಶ ನೋಡುವ ತಂಗಿಯ ಪಾಲಿಗೆ ಸಮಸ್ಯೆ ಮೊಬೈಲಿನ ಅತಿಬಳಕೆಯಲ್ಲ ಎಂಬುದನ್ನು ಉಪದೇಶ ಮಾಡುವವರು ಮರೆಯಬಾರದು.

ಇನ್ನು ಗಳಿಗೆಯ ಮಾತು. ಪುಟ ಮುಗಿಯುವುದೇ ಇಲ್ಲವೆಂಬಂತೆ, ಬೆರಳು ಸರಿಸಿದಷ್ಟೂ ಹೊಸದೊಂದು ಕೆಳಗಿನಿಂದ ಏರಿಬರುವ 'ಅನಂತ ಸುರುಳಿ'ಯ ವಿನ್ಯಾಸವನ್ನು 2006ರಲ್ಲಿ ರೂಪಿಸಿದ ಅಮೆರಿಕದ ಏಜಾ ರಾಸ್ಕಿನ್ ಅವರೇ ಮುಂದೆ ಅದರ ಪರಿಣಾಮಗಳಿಗಾಗಿ ಬಹಿರಂಗವಾಗಿ ವಿಷಾದಿಸಿದ್ದಾರೆ. ಪುಸ್ತಕಕ್ಕೆ ಅಧ್ಯಾಯದ ಕೊನೆಯಿದೆ, ಬಯಲಾಟಕ್ಕೆ ಮಂಗಳವಿದೆ, ಸಂತೆಯೂ ಸಂಜೆಗೆ ಎದ್ದುಹೋಗುತ್ತದೆ. ಈ ಸುರುಳಿಯನ್ನು ಮಾತ್ರ, ಸಾಕೆನ್ನಿಸುವ ಜಾಗವೇ ಇರದಂತೆ ಕಟ್ಟಲಾಗಿದೆ. ಟಿಕ್‌ಟಾಕನ್ನು ಭಾರತ ಸರ್ಕಾರ 2020ರ ಜೂನ್ 29ರಂದು ನಿಷೇಧಿಸಿದ ಕೆಲವೇ ದಿನಗಳಲ್ಲಿ ಇನ್‌ಸ್ಟಾಗ್ರಾಂ ಇಲ್ಲಿ ರೀಲ್ಸ್ ಆರಂಭಿಸಿತೆಂಬುದು, ತೆರವಾದ ಜಾಗ ಎಷ್ಟು ಬೆಲೆಬಾಳುವಂಥದ್ದೆಂದು ಹೇಳುತ್ತದೆ. ಯಾರಿಗೆ ಯಾವ ತುಣುಕನ್ನು ತೋರಿಸಬೇಕೆಂದು ನಿರ್ಧರಿಸುವ ಅಲ್ಗಾರಿದಂ, ಅಂದರೆ ಲೆಕ್ಕಾಚಾರದ ಕ್ರಮವಿಧಿ, ನೋಡುಗನು ಎಲ್ಲಿ ನಿಂತ, ಎಲ್ಲಿ ದಾಟಿದ ಎಂಬುದನ್ನು ಎಣಿಸಿ ಮುಂದಿನದನ್ನು ಆರಿಸುತ್ತದೆ. ಹಾಗೆ ಹಿಡಿದಿಟ್ಟ ಗಮನವನ್ನು ಕಂಪನಿಗಳು ಜಾಹೀರಾತುದಾರರಿಗೆ ಮಾರುತ್ತವೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2014ರಲ್ಲಿಯೇ ತಂತ್ರಜ್ಞಾನದ ಆರೋಗ್ಯಕರ ಬಳಕೆಗಾಗಿ 'ಶಟ್' ಎಂಬ ಪ್ರತ್ಯೇಕ ಚಿಕಿತ್ಸಾಲಯವನ್ನು ತೆರೆದದ್ದರಿಂದ, ಈ ಸೆಳೆತ ಬರೀ ಶಿಸ್ತಿನ ಕೊರತೆಯಲ್ಲವೆಂದು ವೈದ್ಯಲೋಕವೂ ಒಪ್ಪಿದಂತಾಗಿದೆ.

ಈ ಸುರುಳಿಗೆ ಎದುರಾಗಿ ನಿಲ್ಲಿಸಬಹುದಾದ ವಸ್ತು ಈ ಸೀಮೆಯಲ್ಲೇ ಇದೆ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಹೊರಗೋಡೆಯಲ್ಲಿ ಆನೆ, ಸಿಂಹ, ಬಳ್ಳಿ, ಕುದುರೆ ಸವಾರರ ಪಟ್ಟಿಕೆಗಳ ಮೇಲೆ ರಾಮಾಯಣ, ಮಹಾಭಾರತ, ಭಾಗವತಗಳ ಕಥಾಪಟ್ಟಿಕೆ, ಅದರ ಮೇಲೆ ಮಕರ ಮತ್ತು ಹಂಸಗಳ ಸಾಲು ಸಾಗುತ್ತವೆ. ಮೇಲ್ನೋಟಕ್ಕೆ ಅದೂ ಮುಗಿಯದ ಸುರುಳಿಯೇ. ಆದರೆ ಅಲ್ಲಿ ಚಿತ್ರ ನಿಂತಿರುತ್ತದೆ, ನೋಡುವವನು ಜಗತಿಯ ಮೇಲೆ ನಡೆಯುತ್ತಾನೆ. ಇಲ್ಲಿ ನೋಡುವವನು ಕುಳಿತಿರುತ್ತಾನೆ, ಚಿತ್ರ ಓಡುತ್ತದೆ. ಚಕ್ರವ್ಯೂಹವನ್ನು ಹೊಗುವ ಅಭಿಮನ್ಯುವಿನ ಮುಂದೆ ಎಷ್ಟು ಹೊತ್ತು ನಿಲ್ಲಬೇಕೆಂದು ಗೋಡೆ ಹೇಳುವುದಿಲ್ಲ, ನಿಂತದ್ದನ್ನು ಎಣಿಸಿಟ್ಟುಕೊಳ್ಳುವುದೂ ಇಲ್ಲ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ದೇವಾಲಯಗಳು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಬಳಿಕ ಆ ಗೋಡೆಗಳಿಗೆ ಬೆನ್ನು ತಿರುಗಿಸಿ ಸೆಲ್ಫಿ ತೆಗೆದುಕೊಳ್ಳುವವರೂ ಹೆಚ್ಚಿರಬಹುದು. ಅದೇ ಕಾಲದ ಎರಡು ಗುಡಿಗಳಿರುವ ಹಾರನಹಳ್ಳಿಗೆ ಆ ಭಾಗ್ಯವೂ ಇಲ್ಲ, ಆ ಉಪದ್ರವವೂ ಇಲ್ಲ.

ಭಾಷೆಯ ವಿಷಯದಲ್ಲಿ ದೂರು ಬೇರೆ ಬಗೆಯದು. ಬಹುಕಾಲ ಕನ್ನಡದ ಅತಿ ಹಳೆಯ ಶಾಸನವೆಂದು ಗಣನೆಯಾಗಿದ್ದ, ಸುಮಾರು ಕ್ರಿ.ಶ. 450ರ 16 ಸಾಲುಗಳ ಬರಹವನ್ನು 1936ರಲ್ಲಿ ಎಂ.ಎಚ್. ಕೃಷ್ಣ ಅವರು ಬೆಳಕಿಗೆ ತಂದದ್ದು ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ. ಅದೇ ತಾಲ್ಲೂಕಿನ ವಿದ್ಯಾರ್ಥಿಗಳು ಗೆಳೆಯರಿಗೆ ಕಳುಹಿಸುವ ಸಂದೇಶಗಳಲ್ಲಿ ಕನ್ನಡವನ್ನು ರೋಮನ್ ಅಕ್ಷರಗಳಲ್ಲಿ ಬರೆಯುತ್ತಾರೆ. ಇದನ್ನು ಅಭಿಮಾನದ ಕೊರತೆಯೆಂದು ಜರೆಯುವ ಮುನ್ನ, ಆರಂಭದ ಮೊಬೈಲುಗಳಲ್ಲಿ ಕನ್ನಡದ ಕೀಲಿಮಣೆಯೇ ಇರಲಿಲ್ಲವೆಂಬುದನ್ನು ನೆನೆಯಬೇಕು. ಜಗತ್ತಿನ ಲಿಪಿಗಳ ಅಕ್ಷರಗಳಿಗೆಲ್ಲ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡ್ ವ್ಯವಸ್ಥೆಯಲ್ಲಿ 1991ರಿಂದಲೇ ಕನ್ನಡಕ್ಕೆ ಜಾಗವಿದ್ದರೂ ಅದು ಬೆರಳ ತುದಿಗೆ ಇಳಿಯಲು ಎರಡು ದಶಕ ಹಿಡಿಯಿತು. ಕೆ.ಪಿ. ರಾವ್ ಅವರು ಉಚ್ಚಾರಣೆಯನ್ನೇ ಆಧರಿಸಿ ರೂಪಿಸಿದ ಕೀಲಿಮಣೆಯ ವಿನ್ಯಾಸ ಇಂದು ಯಾವ ಅಗ್ಗದ ಫೋನಿಗೂ ಹಾಕಿಕೊಳ್ಳುವಷ್ಟು ಸುಲಭ. ತೊಡಕು ಈಗ ಅಭ್ಯಾಸದ್ದು ಮಾತ್ರ, ಮತ್ತು ಅದರ ಬೆಲೆ ಸಣ್ಣದಲ್ಲ: ರೋಮನ್‌ನಲ್ಲಿ ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ಬರೆದ ಕನ್ನಡವನ್ನು ನಾಳೆ ಹುಡುಕಿ ತೆಗೆಯುವುದು ಕಷ್ಟ, 2003ರಿಂದ ನಡೆದಿರುವ ಕನ್ನಡ ವಿಕಿಪೀಡಿಯದಂಥ ಕಡೆ ಅದು ಸಲ್ಲುವುದೂ ಇಲ್ಲ.

ಎಲ್ಲಕ್ಕಿಂತ ಹೆಚ್ಚು ನಿಂತು ನೋಡಬೇಕಾದ ಬದಲಾವಣೆ ಮತ್ತೊಂದಿದೆ. ಅದು ಮಾತಿಗೂ ಮಾತಾಡಿದವನಿಗೂ ಇರುವ ಸಂಬಂಧದ್ದು. ಬೇಲೂರಿನ ಚೆನ್ನಕೇಶವ ದೇವಾಲಯದ ಶಿಲಾಬಾಲಿಕೆಯರ ಪೀಠಗಳಲ್ಲಿ ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣ ತಮ್ಮ ಹೆಸರು, ಊರು, ಬಿರುದುಗಳನ್ನು ಕೊರೆದಿದ್ದಾರೆ. ಸೋಮನಾಥಪುರದಲ್ಲಿ ರೂವಾರಿ ಮಲ್ಲಿತಮ್ಮನ ಹೆಸರು ಮತ್ತೆ ಮತ್ತೆ ಕಾಣುತ್ತದೆ. ತಾಳಗುಂದದ ಶಾಸನದಲ್ಲೂ ಕುಬ್ಜನೆಂಬ ಕವಿ ಅದನ್ನು ರಚಿಸಿದವನು ತಾನೆಂದು ಹೇಳಿಕೊಂಡಿದ್ದಾನೆ. ದಾನಶಾಸನವಾದರೆ ಕೊಟ್ಟವನು, ಪಡೆದವನು, ದಿನ, ಜಮೀನಿನ ಮೇರೆ, ಎಷ್ಟೋ ಸಲ ಸಾಕ್ಷಿಗಳು ಮತ್ತು ಬರೆದವನ ಹೆಸರೂ ಇರುತ್ತವೆ. ಹೇಳಿದ್ದಕ್ಕೆ ಹೊಣೆ ಯಾರೆಂದು ಯಾರೂ ಹುಡುಕಾಡಬೇಕಿಲ್ಲ. ಫಾರ್ವರ್ಡ್, ಅಂದರೆ ಬಂದದ್ದನ್ನು ಹಾಗೆಯೇ ಮುಂದೆ ದಾಟಿಸುವ ಸಂದೇಶ, ಇದಕ್ಕೆ ತದ್ವಿರುದ್ಧ: ಕಳುಹಿಸಿದವನು ಬರೆದಿಲ್ಲ, ಬರೆದವನು ಕಾಣುವುದಿಲ್ಲ, ದಿನವಿಲ್ಲ, ಮೇರೆಯಿಲ್ಲ; ಆದರೂ ಕಳುಹಿಸಿದವನು ಸೋದರಮಾವನೋ ಸಹಪಾಠಿಯೋ ಆದ್ದರಿಂದ ನಂಬಿಕೆ ಮಾತ್ರ ಪೂರ್ತಿಯಾಗಿ ಸಲ್ಲುತ್ತದೆ.

ಇದರ ಅತಿ ಕರಾಳ ರೂಪವನ್ನು ಕರ್ನಾಟಕ 2018ರಲ್ಲಿ ಕಂಡಿತು. ಮಕ್ಕಳ ಕಳ್ಳರು ಬಂದಿದ್ದಾರೆಂಬ ವಾಟ್ಸ್‌ಆ್ಯಪ್ ವದಂತಿ ಹಬ್ಬಿದ್ದ ದಿನಗಳಲ್ಲಿ ಬೀದರ್ ಜಿಲ್ಲೆಯ ಔರಾದ್ ಬಳಿಯ ಮುರ್ಕಿಯಲ್ಲಿ, ಮಕ್ಕಳಿಗೆ ಚಾಕೊಲೇಟ್ ಕೊಟ್ಟ ಪ್ರವಾಸಿಗರ ಕಾರನ್ನು ಜುಲೈ 13ರಂದು ಜನಸಮೂಹ ಅಡ್ಡಗಟ್ಟಿ ಹೊಡೆಯಿತು. ಹೈದರಾಬಾದಿನ ಯುವ ಇಂಜಿನಿಯರ್ ಒಬ್ಬರು ಸತ್ತರು. ದೇಶದ ಹಲವೆಡೆ ಇಂಥವೇ ಘಟನೆಗಳು ನಡೆದ ಮೇಲೆ ಅದೇ ತಿಂಗಳು ವಾಟ್ಸ್‌ಆ್ಯಪ್ ಕಂಪನಿಯು ಭಾರತದಲ್ಲಿ ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ದಾಟಿಸಬಹುದೆಂಬ ಮಿತಿ ತಂದಿತು. ಹಲವು ಸಲ ದಾಟಿ ಬಂದದ್ದನ್ನು ಒಮ್ಮೆಗೆ ಒಂದೇ ಕಡೆಗೆ ಕಳುಹಿಸಬಹುದೆಂಬ ಬಿಗಿ 2020ರಲ್ಲಿ ಬಂತು. ಮಿತಿಯಿಂದ ವದಂತಿಯ ವೇಗ ತಗ್ಗೀತು, ಆದರೆ ಅದಕ್ಕೊಬ್ಬ ವಾರಸುದಾರ ಹುಟ್ಟಲಾರ.

ಹಾರನಹಳ್ಳಿಯ ವಿದ್ಯಾರ್ಥಿಗಳಿಗೆ ಇದನ್ನು ದೂರದ ಉದಾಹರಣೆಯಿಂದ ವಿವರಿಸಬೇಕಿಲ್ಲ. ಊರಿನ ಕೋಡಿಮಠವು ಭವಿಷ್ಯದ ನುಡಿಗಳಿಗಾಗಿ ನಾಡಿನಾದ್ಯಂತ ಹೆಸರಾದದ್ದು. ಮಳೆ, ಬೆಳೆ, ರಾಜಕೀಯಗಳ ಕುರಿತು ಅಲ್ಲಿಂದ ಬಂದವೆನ್ನುವ ವಿಡಿಯೊ ತುಣುಕುಗಳು ಮೊಬೈಲಿನಿಂದ ಮೊಬೈಲಿಗೆ ಹರಿಯುತ್ತಲೇ ಇರುತ್ತವೆ. ಭವಿಷ್ಯವನ್ನು ನಂಬುವುದು, ಬಿಡುವುದು ಅವರವರಿಗೆ ಸೇರಿದ್ದು. ತುಣುಕು ಯಾವ ವರ್ಷದ್ದು, ಯಾವ ಪ್ರಶ್ನೆಗೆ ಉತ್ತರವಾಗಿ ಬಂದದ್ದು, ಅದರ ಮುಂದಿನ ಮತ್ತು ಹಿಂದಿನ ಮಾತನ್ನು ಕತ್ತರಿಸಿದವರು ಯಾರು ಎಂದು ಕೇಳುವುದಕ್ಕೆ ಭಕ್ತಿಯೂ ಅಡ್ಡಿಯಲ್ಲ, ಅಭಕ್ತಿಯೂ ಅಡ್ಡಿಯಲ್ಲ. ಮೂರು ವರ್ಷ ಕೂತು ಓದಿದ್ದರಿಂದ ಪದವೀಧರನಿಗೆ ದಕ್ಕಿರಬೇಕಾದದ್ದು ಈ ಕೇಳುವ ಅಭ್ಯಾಸ. ಮನೆಯ ಗುಂಪಿನಲ್ಲಿ ಹಿರಿಯರು ಹಾಕಿದ ಸಂದೇಶದ ಕೆಳಗೆ ಅದನ್ನು ಕೇಳಲು ಸಂಕೋಚವಾಗುವುದು ಸಹಜ, ಹಾಗೆ ಕೇಳಿದ್ದಕ್ಕೆ ಓದಿ ಕೊಬ್ಬಿದ್ದಾನೆ ಎನ್ನಿಸಿಕೊಳ್ಳುವುದೂ ಅಪರೂಪವಲ್ಲ.

ಇಂದು ಕೈಸೇರುವ ಪದವಿ ಪತ್ರವೂ ಕಾಗದವೊಂದೇ ಅಲ್ಲ. 2015ರಲ್ಲಿ ಆರಂಭವಾದ ಡಿಜಿಲಾಕರ್ ಎಂಬ ಸರ್ಕಾರಿ ದಾಖಲೆ ಪೆಟ್ಟಿಗೆಯಲ್ಲಿ ವಿಶ್ವವಿದ್ಯಾಲಯಗಳು ಇಡುವ ಪ್ರತಿಗೆ ಡಿಜಿಟಲ್ ಸಹಿ ಇರುತ್ತದೆ. ಈ ಸಹಿ ಮಸಿಯ ಗೀಟಲ್ಲ, ಪತ್ರದ ಒಳಗಿರುವುದನ್ನೆಲ್ಲ ಗಣಿತಕ್ಕಿಳಿಸಿ, ಸಹಿ ಮಾಡುವವರ ಬಳಿಯಷ್ಟೇ ಇರುವ ಗುಪ್ತ ಕೀಲಿಯಿಂದ ಮುದ್ರೆಯೊತ್ತಿದ ಸಂಖ್ಯೆ. ಹೆಸರಿನ ಒಂದು ಕಾಗುಣಿತ, ಅಂಕದ ಒಂದು ಸೊನ್ನೆ ಬದಲಾದರೂ ಪರಿಶೀಲನೆಯಲ್ಲಿ ಅದು ತಾಳೆಯಾಗದು. ಸಂಜೆ ಅರಸೀಕೆರೆಯ ರೈಲಿನಲ್ಲೋ ಹಾರನಹಳ್ಳಿಯ ಬಸ್ಸಿನಲ್ಲೋ ಕುಳಿತು ಅದೇ ಪತ್ರದ ಫೋಟೊ ತೆಗೆದು, ನೋಂದಣಿ ಸಂಖ್ಯೆಯೂ ಕಾಣುವಂತೆ ಸ್ಟೇಟಸ್‌ಗೆ ಹಾಕಿದರೆ, ಆ ಫೋಟೊದಲ್ಲಿ ಮಾತ್ರ ಅಂಥ ಮುದ್ರೆ ಯಾವುದೂ ಇರುವುದಿಲ್ಲ. ಅದನ್ನು ಯಾರು ಬೇಕಾದರೂ ಉಳಿಸಿಕೊಳ್ಳಬಹುದು, ಹೆಸರು ತಿದ್ದಿ ಮುಂದೆ ದಾಟಿಸಲೂಬಹುದು.