ಕ್ಯೂ ಕೂಡ ಮಾರಾಟಕ್ಕಿದೆ: ಥೀಮ್ ಪಾರ್ಕ್ ಇನ್ನೂ ಸಾಮಾನ್ಯ ಮನೆಯವರ ಕೈಗೆ ಎಟಕುತ್ತಾ?

ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲಿ ನೇತಾಡ್ತಿರೋರಿಗೆ, ಮೆಟ್ರೋದಲ್ಲಿ ಸೀಟು ಸಿಕ್ಕಿರೋ ಪುಣ್ಯವಂತರಿಗೆ, ಕೇಳೋಕೆ ಪುರುಸೊತ್ತಿಲ್ಲದೆ ಇಲ್ಲಿ ಓದ್ತಿರೋರಿಗೂ ಸ್ವಾಗತ.

ಇವತ್ತಿನ ವಿಷಯ ಥೀಮ್ ಪಾರ್ಕ್. ಮಜಾ ವಿಷಯ ಅನ್ಸುತ್ತೆ ಅಲ್ವಾ? ಆದ್ರೆ ನಾನು ಬಿಕಾಂ ಓದಿದವನು, ಮಜಾದ ಹಿಂದಿರೋ ಬಿಲ್ ಮೇಲೇ ನನ್ನ ಕಣ್ಣು. ಪ್ರಶ್ನೆ ಸರಳ. ಸಂಬಳ ನಂಬ್ಕೊಂಡಿರೋ ಒಂದು ಮನೆಯವರು, ಗಂಡ ಹೆಂಡತಿ ಇಬ್ಬರು ಮಕ್ಕಳು, ಒಂದು ದಿನ ಥೀಮ್ ಪಾರ್ಕಿಗೆ ಹೋಗಿ ಬರೋದು ಈಗ್ಲೂ ಸಾಧ್ಯನಾ? ಇದಕ್ಕೆ ಉತ್ತರ ಹುಡುಕೋಕೆ ಎಲ್ಲ ಥೀಮ್ ಪಾರ್ಕುಗಳ ಅಜ್ಜನ ಮನೆಗೇ ಹೋಗೋಣ. ಕ್ಯಾಲಿಫೋರ್ನಿಯಾದ ಅನಾಹೈಮ್, ಡಿಸ್ನಿಲ್ಯಾಂಡ್. ಅಲ್ಲಿ ಆದದ್ದು ಹತ್ತಿಪ್ಪತ್ತು ವರ್ಷ ತಡವಾಗಿ ಬಿಡದಿಗೂ ಬರುತ್ತೆ. ಬಂದೂ ಆಗಿದೆ, ಆಮೇಲೆ ಹೇಳ್ತೀನಿ.

ಡಿಸ್ನಿಲ್ಯಾಂಡ್ ಬಾಗಿಲು ತೆಗೆದದ್ದು 1955ರ ಜುಲೈ 17ಕ್ಕೆ. ಆಗ ಅಲ್ಲಿನ ವ್ಯವಸ್ಥೆ ಹೇಗಿತ್ತು ಅಂದ್ರೆ, ಥೇಟ್ ನಮ್ಮ ಜಾತ್ರೆ ಥರ. ಮೈಸೂರು ದಸರಾ ವಸ್ತುಪ್ರದರ್ಶನಕ್ಕೆ ಹೋಗಿದ್ದೀರಲ್ಲ? ಒಳಗೆ ಹೋಗೋಕೆ ಒಂದು ಸಣ್ಣ ಟಿಕೆಟ್. ಆಮೇಲೆ ಜೈಂಟ್ ವೀಲ್‌ಗೆ ಬೇರೆ ದುಡ್ಡು, ಕೊಲಂಬಸ್‌ಗೆ ಬೇರೆ, ಹಪ್ಪಳಕ್ಕೆ ಬೇರೆ. ಡಿಸ್ನಿಲ್ಯಾಂಡಲ್ಲೂ ಹಾಗೇ ಇತ್ತು. ದೊಡ್ಡವರಿಗೆ ಪ್ರವೇಶ 1 ಡಾಲರ್, ಪ್ರತಿ ಆಟಕ್ಕೆ ಬೇರೆ ಬೇರೆ ಚೀಟಿ. ಅದೇ ವರ್ಷ ಅಕ್ಟೋಬರ್‌ನಲ್ಲಿ ಟಿಕೆಟ್ ಪುಸ್ತಕ ಅಂತ ತಂದ್ರು. ಎರಡೂವರೆ ಡಾಲರಿಗೆ ಪ್ರವೇಶದ ಜೊತೆ 8 ಆಟ. ಚೀಟಿಗಳಿಗೆ ಎ, ಬಿ, ಸಿ ಅಂತ ದರ್ಜೆ. 1959ರಲ್ಲಿ ಇ-ಟಿಕೆಟ್ ಬಂತು, ಅತಿ ದೊಡ್ಡ ಆಟಗಳಿಗೆ ಅದೇ ಬೇಕು.

ಜಾತ್ರೆ ಪದ್ಧತಿಯ ಒಂದು ಒಳ್ಳೆ ಗುಣ ನೋಡಿ. ಜೇಬಲ್ಲಿ ಎಷ್ಟಿದೆಯೋ ಅಷ್ಟು ಆಡಬಹುದು. ಮಕ್ಕಳನ್ನ ಎರಡು ಆಟಕ್ಕೆ ಹತ್ತಿಸಿ, ಅಪ್ಪ ಅಮ್ಮ ಕೆಳಗೆ ನಿಂತು ಚುರುಮುರಿ ತಿನ್ಕೊಂಡು ಕೈ ಬೀಸಬಹುದು. ಕೆಳಗೆ ನಿಂತು ಕೈ ಬೀಸೋಕೆ ದುಡ್ಡು ಇಲ್ಲ.

ಆಮೇಲೆ 1982ರ ಹೊತ್ತಿಗೆ ಟಿಕೆಟ್ ಪುಸ್ತಕ ಹೋಯ್ತು. ಒಂದೇ ಪಾಸ್, ಒಳಗೆ ಎಷ್ಟಾದ್ರೂ ಆಡಿ. ಊಟದ ಭಾಷೆಲಿ ಹೇಳಬೇಕಂದ್ರೆ ಪ್ಲೇಟ್ ಇಡ್ಲಿಯಿಂದ ಫುಲ್ ಮೀಲ್ಸ್‌ಗೆ ಬದಲಾಯ್ತು. ಇದ್ರಿಂದ ಇನ್ನೊಂದು ಬದಲಾವಣೆ ಆಯ್ತು, ಅದನ್ನ ಯಾರೂ ಅಷ್ಟಾಗಿ ಗಮನಿಸಲಿಲ್ಲ. ಗೇಟು ದಾಟಿದ ಮೇಲೆ ಎಲ್ಲರೂ ಸಮ. ಡಾಕ್ಟರ್ ಮಗಳಾಗ್ಲಿ, ಲಾರಿ ಡ್ರೈವರ್ ಮಗಳಾಗ್ಲಿ, ಒಂದೇ ಕ್ಯೂ, ಒಂದೇ ಬಿಸಿಲು. ಒಳಗೆ ದುಡ್ಡು ನಡೀತಿರಲಿಲ್ಲ, ತಾಳ್ಮೆ ನಡೀತಿತ್ತು. ತಾಳ್ಮೆ ಬಡವರ ಹತ್ರಾನೂ ಇರುತ್ತೆ. ಕೆಲವು ಸಲ ಜಾಸ್ತೀನೇ ಇರುತ್ತೆ.

ಈಗ ಲೆಕ್ಕಕ್ಕೆ ಬರೋಣ. ಮೊಬೈಲ್ ಕ್ಯಾಲ್ಕುಲೇಟರ್ ತೆಗೀರಿ ಬೇಕಾದ್ರೆ.

1955ರ ಎರಡೂವರೆ ಡಾಲರ್‌ನ ಹಣದುಬ್ಬರಕ್ಕೆ ಹೊಂದಿಸಿದ್ರೆ ಇವತ್ತಿಗೆ ಸುಮಾರು 30 ಡಾಲರ್. ಅಂದ್ರೆ ಉಳಿದ ಎಲ್ಲ ಬೆಲೆಗಳ ಜೊತೆ ಮಾತ್ರ ಏರಿದ್ರೆ ಅಷ್ಟಿರಬೇಕಿತ್ತು. 2025ರ ಅಕ್ಟೋಬರ್‌ನಲ್ಲಿ ಡಿಸ್ನಿಲ್ಯಾಂಡ್ ದರ ಪರಿಷ್ಕರಣೆ ಆದ ಮೇಲೆ ಒಂದು ದಿನದ ಟಿಕೆಟ್ ಅತಿ ಕಡಿಮೆ ಅಂದ್ರೆ 104 ಡಾಲರ್, ಅತಿ ದಟ್ಟಣೆಯ ದಿನಗಳಲ್ಲಿ 224 ಡಾಲರ್. ನಮ್ಮ ದುಡ್ಡಲ್ಲಿ ಹೆಚ್ಚೂ ಕಡಿಮೆ 20 ಸಾವಿರ, ಒಬ್ಬರಿಗೆ, ಒಂದು ದಿನಕ್ಕೆ. ನ್ಯಾಯವಾಗಿ ಹೇಳಬೇಕು, ಆಗ 8 ಆಟ, ಈಗ ಲೆಕ್ಕವಿಲ್ಲದಷ್ಟು. ಪಾರ್ಕೂ ದೊಡ್ಡದಾಗಿದೆ.

ರೂಪಾಯಿಗೆ ಬದಲಾಯಿಸಿ ಹೌಹಾರೋದಕ್ಕಿಂತ ಕೂಲಿ ಲೆಕ್ಕದಲ್ಲಿ ನೋಡೋದು ಸರಿ. 1955ರಲ್ಲಿ ಅಮೆರಿಕದ ಕೇಂದ್ರ ಸರ್ಕಾರದ ಕನಿಷ್ಠ ವೇತನ ಗಂಟೆಗೆ 75 ಸೆಂಟ್. ಮೂರು ಚಿಲ್ಲರೆ ಗಂಟೆ ದುಡಿದ್ರೆ ಟಿಕೆಟ್ ಪುಸ್ತಕ ಕೈಯಲ್ಲಿ. 2025ರಲ್ಲಿ ಕ್ಯಾಲಿಫೋರ್ನಿಯಾದ ಕನಿಷ್ಠ ವೇತನ ಗಂಟೆಗೆ 16 ಡಾಲರ್ 50 ಸೆಂಟ್. ಅಗ್ಗದ ದಿನದ ಟಿಕೆಟ್‌ಗೆ ಆರು ಗಂಟೆಗಿಂತ ಜಾಸ್ತಿ ದುಡಿಬೇಕು. ದುಬಾರಿ ದಿನಕ್ಕೆ ಹದಿಮೂರೂವರೆ ಗಂಟೆ. ಅದೂ ಒಂದು ಟಿಕೆಟ್‌ಗೆ. ಮನೇಲಿರೋದು ನಾಲ್ಕು ಜನ. ಮಕ್ಕಳ ಟಿಕೆಟ್ ಅಂತ ಇದೆ, ಆದ್ರೆ ಹತ್ತು ಡಾಲರ್ ಆಸುಪಾಸು ಮಾತ್ರ ಕಡಿಮೆ. ಹತ್ತನೇ ಹುಟ್ಟುಹಬ್ಬ ಆದ್ರೆ ಮಗು ಅವರ ಲೆಕ್ಕದಲ್ಲಿ ದೊಡ್ಡವರು. ಮೂರರೊಳಗಿನ ಕೂಸಿಗೆ ಮಾತ್ರ ಫ್ರೀ.

ಕಂಪನಿ ಕಡೆಯವರ ವಾದಾನೂ ಕೇಳೋಣ. ಅವರು ಹೇಳೋದು, ನೋಡಿ ನಮ್ಮ ಅತಿ ಅಗ್ಗದ ಟಿಕೆಟ್ 2019ರಿಂದ 104 ಡಾಲರ್‌ನಲ್ಲೇ ನಿಂತಿದೆ. ನಿಜ. ಆದ್ರೆ ಆ ದರ ಯಾವ ದಿನಕ್ಕೆ? ವರ್ಷದಲ್ಲಿ ಕೆಲವೇ ದಿನಕ್ಕೆ, ಹೆಚ್ಚಾಗಿ ಜನ ಕಡಿಮೆ ಇರೋ ತಿಂಗಳುಗಳ ವಾರದ ನಡುವಿನ ದಿನಗಳಿಗೆ. ಅಂದ್ರೆ ಶಾಲೆ ಇರೋ ದಿನ, ಅಪ್ಪ ಅಮ್ಮಂಗೆ ಡ್ಯೂಟಿ ಇರೋ ದಿನ. ಮಕ್ಕಳಿರೋ ಮನೆಯವರಿಗೆ ಅದು ಕಿಟಕಿಯಲ್ಲಿ ಇಟ್ಟ ಲಡ್ಡು. ರಜೆಯ ದಿನಗಳಲ್ಲಿ ಬೆಲೆ ಮೇಲೇ ಹೋಗೋದು, ಯಾಕಂದ್ರೆ ನಿಮಗೆ ಬೇರೆ ದಿನ ಇಲ್ಲ ಅಂತ ಅವರಿಗೆ ಗೊತ್ತು. ಕಾಮರ್ಸ್ ಪುಸ್ತಕದಲ್ಲಿ ಇದಕ್ಕೆ ಬೆಲೆ ತಾರತಮ್ಯ ಅಂತ ಹೆಸರು. ದೀಪಾವಳಿ ಹಿಂದಿನ ರಾತ್ರಿ ಹುಬ್ಬಳ್ಳಿ ಬಸ್ ಬುಕ್ ಮಾಡೋಕೆ ಹೋದವರಿಗೆ ಪುಸ್ತಕ ಬೇಡ.

ಆದ್ರೆ ನನ್ನ ಪ್ರಕಾರ ಟಿಕೆಟ್ ಬೆಲೆ ಅಸಲಿ ಕಥೆ ಅಲ್ಲ. ಅಸಲಿ ಕಥೆ ಕ್ಯೂನಲ್ಲಿದೆ.

1999ರಲ್ಲಿ ಡಿಸ್ನಿ ಫಾಸ್ಟ್‌ಪಾಸ್ ತಂತು. ಒಂದು ಕಾಗದದ ಚೀಟಿ, ಇಂತಿಷ್ಟು ಹೊತ್ತಿಗೆ ಬನ್ನಿ, ಬೇಗ ಒಳಗೆ ಬಿಡ್ತೀವಿ ಅಂತ. ಅದು ಉಚಿತ. ಬೆಳಗ್ಗೆ ಬೇಗ ಬಂದವರಿಗೆ ಲಾಭ, ಅಷ್ಟೇ. 2017ರಲ್ಲಿ ಡಿಸ್ನಿಲ್ಯಾಂಡ್‌ನವರು, ಚೀಟಿ ತಗೊಳ್ಳೋಕೆ ನಡ್ಕೊಂಡು ಹೋಗೋದು ಬೇಡ, ದಿನಕ್ಕೆ 10 ಡಾಲರ್ ಕೊಟ್ಟು ಫೋನಲ್ಲೇ ತಗೊಳ್ಳಿ ಅಂದ್ರು. ಉಚಿತ ಚೀಟಿ ಆಗ್ಲೂ ಇತ್ತು. ಕೊರೊನಾ ಬಂತು, ಪಾರ್ಕು ಒಂದು ವರ್ಷಕ್ಕೂ ಹೆಚ್ಚು ಕಾಲ ಮುಚ್ಚಿತ್ತು, 2021ರ ಏಪ್ರಿಲ್ 30ಕ್ಕೆ ತೆರೀತು. ತೆರೆದಾಗ ಉಚಿತ ಚೀಟಿ ಇರಲಿಲ್ಲ. ಅದೇ ವರ್ಷದ ಕೊನೆಗೆ ಅದರ ಜಾಗಕ್ಕೆ ಜೀನಿ ಪ್ಲಸ್ ಅಂತ ಬಂತು, ಒಬ್ಬರಿಗೆ ದಿನಕ್ಕೆ 20 ಡಾಲರ್. 2024ರಲ್ಲಿ ಅದರ ಹೆಸರು ಲೈಟ್ನಿಂಗ್ ಲೇನ್ ಮಲ್ಟಿ ಪಾಸ್ ಆಯ್ತು, 30 ಡಾಲರ್ ದಾಟಿತು. ಅದೇ ವರ್ಷ ಇನ್ನೊಂದು ಬಂತು, ಲೈಟ್ನಿಂಗ್ ಲೇನ್ ಪ್ರೀಮಿಯರ್ ಪಾಸ್. ಯಾವ ಸಮಯಕ್ಕೆ ಬೇಕಾದ್ರೂ ಹೋಗಿ, ಲೇನ್ ಇರೋ ಪ್ರತಿ ಆಟಕ್ಕೂ ಒಂದು ಸಲ ನೇರ ಒಳಗೆ. ಡಿಸ್ನಿಲ್ಯಾಂಡಲ್ಲಿ ಅದು ಶುರುವಾದಾಗ ದಿನಕ್ಕೆ 400 ಡಾಲರ್. ಟಿಕೆಟ್ ಸೇರಿ ಅಲ್ಲ ಸ್ವಾಮಿ, ಟಿಕೆಟ್ ಮೇಲೆ.

ಇದರ ಒಳಮರ್ಮ ಅರ್ಥ ಆಗ್ಬೇಕಂದ್ರೆ ತಿರುಪತಿ ನೆನೆಸ್ಕೊಳ್ಳಿ. ಸರ್ವದರ್ಶನದ ಸಾಲು ನಿಂತಲ್ಲೇ ನಿಂತಿರುತ್ತೆ, ಪಕ್ಕದಲ್ಲಿ 300 ರೂಪಾಯಿ ವಿಶೇಷ ದರ್ಶನದ ಸಾಲು ಹರೀತಾ ಇರುತ್ತೆ. ಗರ್ಭಗುಡಿ ಒಂದೇ. ಆ ಕಡೆ ಹತ್ತು ಜನ ಜಾಸ್ತಿ ಬಿಟ್ರೆ ಈ ಕಡೆ ಹತ್ತು ಜನ ಕಡಿಮೆ. ಥೀಮ್ ಪಾರ್ಕಲ್ಲೂ ಅಷ್ಟೇ. ಉದಾಹರಣೆಗೆ ಒಂದು ರೋಲರ್ ಕೋಸ್ಟರ್ ಗಂಟೆಗೆ 1000 ಜನರನ್ನ ಕೂರಿಸುತ್ತೆ ಅಂದ್ಕೊಳ್ಳಿ. ದುಡ್ಡು ಕೊಟ್ಟವರ ಸಾಲಿಂದ 600 ಜನ ಬಂದ್ರೆ, ಕೊಡದವರಿಗೆ ಉಳಿಯೋದು 400 ಸೀಟು. ಫೋನ್ ರೀಚಾರ್ಜ್ ಥರ ಅಲ್ಲ ಇದು, ಪಕ್ಕದವನು ದೊಡ್ಡ ಪ್ಯಾಕ್ ಹಾಕಿಸಿದ್ರೆ ನನಗೇನು ಅನ್ನೋ ಹಾಗಿಲ್ಲ. ಕಂಪನಿ ಹೊಸ ಸೀಟು ಮಾಡಿ ಮಾರ್ತಿಲ್ಲ, ನನ್ನ ಸರದಿಯನ್ನ ಅವನಿಗೆ ಮಾರ್ತಿದೆ.

ಹಾಗಾಗಿ ಸಾಮಾನ್ಯ ಜನರಿಗೆ ಎಟಕುತ್ತಾ ಅನ್ನೋ ಪ್ರಶ್ನೆಗೆ, ಗೇಟಿನ ತನಕ ಹೇಗೋ ಎಟಕುತ್ತೆ ಅಂತ ಉತ್ತರ ಕೊಡಬಹುದು. ಒಳಗೆ ಹೋದ ಮೇಲೆ ಅದೇ 224 ಡಾಲರಿಗೆ ಹಿಂದಿನಷ್ಟು ಆಟ ಸಿಗಲ್ಲ. ಒಂದು ರೀತೀಲಿ ಹಳೇ ಇ-ಟಿಕೆಟ್ ವಾಪಸ್ ಬಂದಿದೆ. ವ್ಯತ್ಯಾಸ ಏನಂದ್ರೆ ಆಗ ಪ್ರವೇಶ 1 ಡಾಲರ್ ಇತ್ತು. ಈಗ ಫುಲ್ ಮೀಲ್ಸ್ ದುಡ್ಡೂ ಕೊಟ್ಟು, ಪ್ಲೇಟ್ ಲೆಕ್ಕದಲ್ಲೂ ಕೊಡಬೇಕು.

ಇಷ್ಟಾದ್ರೂ ಜನ ಹೋಗೋದು ನಿಲ್ಲಿಸಿದ್ದಾರಾ ಅಂದ್ರೆ, ಇಲ್ಲ. ಡಿಸ್ನಿಯ ಪಾರ್ಕು, ಹಡಗು, ಆಟಿಕೆ ಎಲ್ಲ ಸೇರಿದ ವಿಭಾಗ 2024ರ ಹಣಕಾಸು ವರ್ಷದಲ್ಲಿ 34 ಶತಕೋಟಿ ಡಾಲರ್ ವಹಿವಾಟು ಮಾಡಿ 9 ಶತಕೋಟಿಗೂ ಹೆಚ್ಚು ಕಾರ್ಯಾಚರಣೆ ಲಾಭ ತೋರಿಸ್ತು. ಹಾಗಾದ್ರೆ ಸಾಮಾನ್ಯ ಮನೆಯವರು ಹೇಗೆ ಹೋಗ್ತಿದ್ದಾರೆ? ಒಂದು ಉತ್ತರ, ಸಾಲ. ಲೆಂಡಿಂಗ್‌ಟ್ರೀ ಅನ್ನೋ ಸಂಸ್ಥೆ 2024ರಲ್ಲಿ ಮಾಡಿದ ಸಮೀಕ್ಷೆಯಲ್ಲಿ ಡಿಸ್ನಿಗೆ ಹೋಗಿ ಬಂದವರಲ್ಲಿ ಸುಮಾರು ಕಾಲು ಭಾಗ ಜನ ಅದಕ್ಕಾಗಿ ಸಾಲ ಮಾಡಿದ್ದೀವಿ ಅಂದಿದ್ರು. 18ರೊಳಗಿನ ಮಕ್ಕಳಿರೋ ತಂದೆ ತಾಯಂದಿರಲ್ಲಿ ಅದು ಶೇಕಡ 45. ಸಾಲ ಮಾಡಿದವರಲ್ಲಿ ಹೆಚ್ಚಿನವರು ಪಶ್ಚಾತ್ತಾಪ ಇಲ್ಲ ಅಂತಾನೂ ಹೇಳಿದ್ರು. ನನಗೆ ಇದು ಮೂರ್ಖತನ ಅಂತ ಅನ್ನಿಸಲಿಲ್ಲ. ಮಗು ಆರು ವರ್ಷದ್ದಿರೋದು ಒಂದೇ ವರ್ಷ. ಅದನ್ನ ಮುಂದೂಡೋಕಾಗಲ್ಲ, ಮತ್ತೆ ಅದು ಕಂಪನಿಗೆ ನಮಗಿಂತ ಚೆನ್ನಾಗಿ ಗೊತ್ತು.

ಸರಿ, ಅಮೆರಿಕ ಸಾಕು. ಬಿಡದಿಗೆ ಬನ್ನಿ.

ಬೆಂಗಳೂರಿನ ವಂಡರ್‌ಲಾ 2005ರಲ್ಲಿ ಶುರುವಾಯ್ತು. ವಿ-ಗಾರ್ಡ್ ಸ್ಟೆಬಿಲೈಸರ್ ಮಾಡಿದ ಕೊಚೌಸೆಫ್ ಚಿಟ್ಟಿಲಪ್ಪಿಳ್ಳಿ ಅವರು ಕೊಚ್ಚಿಯಲ್ಲಿ ಮೊದಲ ಪಾರ್ಕ್ ಮಾಡಿ, ಆಮೇಲೆ ಇಲ್ಲಿಗೆ ಬಂದದ್ದು. ನಮ್ಮ ವಯಸ್ಸಿನ ಎಷ್ಟೋ ಜನ ಅದನ್ನ ಮೊದಲು ನೋಡಿದ್ದು ಶಾಲೆಯ ಬಸ್ಸಲ್ಲಿ. ಶಾಲೆಯ ಗುಂಪುಗಳಿಗೆ ಬೇರೆ ದರ, ಕಾಲೇಜು ಐಡಿ ತೋರಿಸಿದ್ರೆ ರಿಯಾಯಿತಿ. ಒಳ್ಳೇದೇ. ಆದ್ರೆ ಇದರಲ್ಲಿ ಒಂದು ಸಣ್ಣ ಬೇಜಾರೂ ಇದೆ. ಮಗು ನೋಡಿರುತ್ತೆ, ಸ್ಟೂಡೆಂಟ್ ನೋಡಿರ್ತಾನೆ, ಅಪ್ಪ ಅಮ್ಮ ನೋಡಿರಲ್ಲ.

ಇಲ್ಲಿನ ನಿಯಮಗಳೂ ಪರಿಚಿತ ಅನ್ನಿಸುತ್ತವೆ. ವಾರದ ದಿನಕ್ಕೆ ಒಂದು ದರ, ವಾರಾಂತ್ಯ ಮತ್ತೆ ರಜೆಗೆ ಇನ್ನೊಂದು. ಮಕ್ಕಳ ಟಿಕೆಟ್ ಇಲ್ಲಿ ವಯಸ್ಸಿನ ಮೇಲಲ್ಲ, ಎತ್ತರದ ಮೇಲೆ. ಮಗ ಉದ್ದ ಬೆಳೆದಷ್ಟೂ ಅಪ್ಪನ ಜೇಬು ಗಿಡ್ಡ. ಕ್ಯೂ ದಾಟೋಕೆ ಫಾಸ್ಟ್‌ಟ್ರ್ಯಾಕ್ ಅಂತ ದುಬಾರಿ ಟಿಕೆಟ್ ಇಲ್ಲೂ ಇದೆ. ಹೊರಗಿನ ಊಟ ಒಳಗೆ ಬಿಡಲ್ಲ. ಟಿಕೆಟ್ ಮೇಲೆ ಜಿಎಸ್‌ಟಿ ಬೇರೆ. 2017ರಲ್ಲಿ ಜಿಎಸ್‌ಟಿ ಬಂದಾಗ ಥೀಮ್ ಪಾರ್ಕುಗಳನ್ನ ಶೇಕಡ 28ರ ಸಾಲಿಗೆ ಹಾಕಿದ್ರು, 2018ರ ಜನವರಿಯಲ್ಲಿ 18ಕ್ಕೆ ಇಳೀತು.

ನಾನೊಂದು ಅಂದಾಜು ಲೆಕ್ಕ ಹಾಕ್ತೀನಿ, ನಿಮ್ಮ ಊರಿಗೆ ತಕ್ಕ ಹಾಗೆ ಬದಲಾಯಿಸ್ಕೊಳ್ಳಿ. ತುಮಕೂರಿನ ಒಂದು ಮನೆ, ತಿಂಗಳಿಗೆ 35 ಸಾವಿರ ಆದಾಯ. 26 ದಿನ ಕೆಲಸ ಅಂದ್ರೆ ದಿನಕ್ಕೆ 1,350 ರೂಪಾಯಿ ಹತ್ತಿರ. ಭಾನುವಾರ ನಾಲ್ಕು ಜನರ ಟಿಕೆಟ್ 5 ಸಾವಿರದ ಆಸುಪಾಸು ಹಿಡೀರಿ. ಬಸ್ಸು, ಮೆಟ್ರೋ, ಚಲ್ಲಘಟ್ಟದಿಂದ ಮುಂದಕ್ಕೆ ಮತ್ತೆ ಬಸ್ಸು, ಒಳಗೆ ಊಟ, ಲಾಕರ್, ನೀರಾಟಕ್ಕೆ ನೈಲಾನ್ ಬಟ್ಟೆ ಇಲ್ಲದಿದ್ರೆ ಅದು, ಎಲ್ಲ ಸೇರಿ 7 ಸಾವಿರದ ಮೇಲೆ. ಐದು ದಿನಕ್ಕೂ ಹೆಚ್ಚಿನ ದುಡಿಮೆ. ಅಮೆರಿಕದ ಮಧ್ಯಮ ಆದಾಯದ ಮನೆಯ ದುಡಿಮೆ ವರ್ಷಕ್ಕೆ 83 ಸಾವಿರ ಡಾಲರ್ ಚಿಲ್ಲರೆ, ಅಂದ್ರೆ ಕೆಲಸದ ದಿನಕ್ಕೆ ಸುಮಾರು 320. ಅವರಿಗೆ ಡಿಸ್ನಿಲ್ಯಾಂಡಿನ ಅತಿ ದುಬಾರಿ ದಿನದ ನಾಲ್ಕು ಟಿಕೆಟ್ ಮೂರು ದಿನದ ದುಡಿಮೆಯೊಳಗೇ ಮುಗಿಯುತ್ತೆ. ಅವರ ಹೋಟೆಲ್, ವಿಮಾನ ಇದರಲ್ಲಿಲ್ಲ, ಸರಿ. ಆದ್ರೂ ದುಬಾರಿ ಅಂತ ಡಿಸ್ನಿಯನ್ನ ಬೈಯೋ ರೀಲ್ಸ್ ನೋಡ್ತಾ ನಗೋ ನಾವು, ನಮ್ಮ ಬಿಡದಿ ನಮ್ಮ ದುಡಿಮೆಗೆ ಹೋಲಿಸಿದ್ರೆ ಎಲ್ಲಿ ನಿಂತಿದೆ ಅಂತ ಲೆಕ್ಕ ಹಾಕಿದ್ದು ಕಡಿಮೆ.

ಪಾರ್ಕ್ ನಡೆಸೋದು ಅಗ್ಗ ಅಂತ ನಾನು ಹೇಳ್ತಿಲ್ಲ. ಯಂತ್ರ, ನೀರು, ಕರೆಂಟು, ಸುರಕ್ಷತೆ, ಯಾವುದರಲ್ಲೂ ಕೈ ಬಿಗಿ ಹಿಡಿಯೋ ಹಾಗಿಲ್ಲ. ಹಿಡೀಬಾರದು ಕೂಡ. ಮಳೆಗಾಲದ ಮಂಗಳವಾರ ಖಾಲಿ ಹೊಡೆಯೋ ಪಾರ್ಕು ಬೇಸಿಗೆ ಭಾನುವಾರ ದುಡೀಲೇಬೇಕು. ದಿನಕ್ಕೊಂದು ದರ ಇಟ್ಟದ್ದಕ್ಕೆ ನನ್ನ ತಕರಾರಿಲ್ಲ. ನನ್ನ ತಕರಾರು ಕ್ಯೂ ಬಗ್ಗೆ ಮಾತ್ರ. ದರ ಎಷ್ಟಾದ್ರೂ ಇಡಿ, ಬೋರ್ಡಿನ ಮೇಲೆ ಬರೀರಿ, ನಾವು ಚೀಟಿ ಹಾಕಿಯಾದ್ರೂ ಕೂಡಿಡ್ತೀವಿ. ಕೂಡಿಟ್ಟು ಬಂದ ಮೇಲೆ, ಎಲ್ಲರ ಸಾಲಲ್ಲಿ ನಿಲ್ಲೋ ಹಕ್ಕು ಅದರಲ್ಲಿ ಬರಲಿ.

ಈ ರಜೆಗೆ ಹೋಗೋ ಪ್ಲಾನ್ ಇದ್ರೆ, ಮೂರು ಮಾತು. ಬುಕ್ ಮಾಡೋ ಮುಂಚೆ ವಾರದ ದಿನ ಮತ್ತೆ ವಾರಾಂತ್ಯ ಎರಡರ ದರಾನೂ ತೆಗೆದು ನೋಡಿ. ಆ ವ್ಯತ್ಯಾಸ ನಾಲ್ಕು ಜನಕ್ಕೆ ಸೇರಿಸಿದ್ರೆ ಒಂದು ದಿನದ ಸಂಬಳ ಕಟ್ಟಾದ್ರೂ ರಜೆ ಹಾಕೋದು ಲಾಭವೋ ನಷ್ಟವೋ ಗೊತ್ತಾಗುತ್ತೆ. ಮಕ್ಕಳ ಎತ್ತರ ಮನೆಯಲ್ಲೇ ಅಳೀರಿ, ಕೌಂಟರಲ್ಲಿ ವಾದ ಬೇಡ. ಮತ್ತೆ ದೊಡ್ಡ ಆಟಗಳಿಗೆ ಗೇಟು ತೆರೆದ ಮೊದಲ ಗಂಟೆಯಲ್ಲೇ ಹೋಗ್ಬಿಡಿ, ನೀರಾಟ ಎಲ್ಲೂ ಓಡಿಹೋಗಲ್ಲ.

ನಿಮ್ಮ ಮನೆಯ ಬಿಲ್ ಎಷ್ಟಾಯ್ತು, ಕ್ಯೂನಲ್ಲಿ ಎಷ್ಟು ಹೊತ್ತು ನಿಂತ್ರಿ, ಬರೆದು ಕಳಿಸಿ. ಮುಂದಿನ ವಾರ ಸಿಗ್ತೀನಿ.