ಜನನಾಂಗದ ನರಹುಲಿ: ಮನೆಯಲ್ಲಿ ಲೇಪಿಸುವ ಔಷಧಗಳು



ಕೈಬೆರಳಿನ ಮೇಲೆ ನರಹುಲಿ ಎದ್ದರೆ ಜನರು ಅದನ್ನು ನಾಲ್ವರಿಗೆ ತೋರಿಸಿ ಮದ್ದು ಕೇಳುತ್ತಾರೆ. ಅದೇ ನರಹುಲಿ ಜನನಾಂಗದ ಮೇಲೋ ಗುದದ್ವಾರದ ಸುತ್ತಲೋ ಕಾಣಿಸಿಕೊಂಡರೆ ಬಾಯಿ ಕಟ್ಟಿಹೋಗುತ್ತದೆ. ಹೆಂಡತಿ ಗಂಡನಿಗೆ ಹೇಳಳು, ಗಂಡ ವೈದ್ಯರಿಗೆ ಹೇಳನು. ಊರು ಬಿಟ್ಟು ಮುಂಬಯಿ, ಪುಣೆ, ದೆಹಲಿಗಳಲ್ಲಿ ನೆಲೆಸಿದವರಿಗೆ ಇನ್ನೂ ಒಂದು ತೊಡಕು: ತಾಯ್ನುಡಿಯಲ್ಲಿಯೇ ಆಡಲು ನಾಚಿಕೆಯಾಗುವ ಮಾತನ್ನು ಪರಭಾಷೆಯಲ್ಲಿ ಆಡುವುದೆಂತು? ಈ ಸಂಕೋಚದಿಂದ ಕೆಲವರು ಸುಣ್ಣ, ಎಕ್ಕದ ಹಾಲು, ಕಾಲಿನ ಆಣಿಗೆ ಹಚ್ಚುವ ಆಮ್ಲದ ಔಷಧ ಇವುಗಳನ್ನು ಗುಟ್ಟಾಗಿ ಹಚ್ಚಿಕೊಂಡು ಮೃದುವಾದ ಚರ್ಮವನ್ನು ಸುಟ್ಟುಕೊಳ್ಳುತ್ತಾರೆ. ರೋಗಕ್ಕಿಂತ ಮದ್ದೇ ಹೆಚ್ಚು ನೋವು ಕೊಡುತ್ತದೆ.

ಈ ನರಹುಲಿಗೆ ಕಾರಣ ಹ್ಯೂಮನ್ ಪ್ಯಾಪಿಲೋಮಾ ವೈರಸ್, ಅಂದರೆ ಎಚ್.ಪಿ.ವಿ. ಇದರಲ್ಲಿ ನೂರಾರು ಬಗೆಗಳಿವೆ. ಜನನಾಂಗದ ನರಹುಲಿಗಳಲ್ಲಿ ಸುಮಾರು ಶೇಕಡಾ 90ರಷ್ಟು 6 ಮತ್ತು 11ನೆಯ ಬಗೆಗಳಿಂದ ಬರುತ್ತವೆ. ಗರ್ಭಕೊರಳಿನ ಕ್ಯಾನ್ಸರಿಗೆ ಮುಖ್ಯ ಕಾರಣವಾದ 16 ಮತ್ತು 18ನೆಯ ಬಗೆಗಳು ಬೇರೆ. ಆದುದರಿಂದ ನರಹುಲಿ ಬಂದ ಮಾತ್ರಕ್ಕೆ ಕ್ಯಾನ್ಸರ್ ಬಂದಿತೆಂದು ಹೆದರಬೇಕಾಗಿಲ್ಲ. ವೈರಸ್ ಲೈಂಗಿಕ ಸಂಪರ್ಕದಿಂದ, ಚರ್ಮಕ್ಕೆ ಚರ್ಮ ತಗಲುವುದರಿಂದ ಹರಡುತ್ತದೆ. ದೇಹವನ್ನು ಸೇರಿದ ಮೇಲೆ ಕೆಲವು ವಾರಗಳಿಂದ ಹಲವು ತಿಂಗಳು, ಕೆಲವೊಮ್ಮೆ ವರ್ಷಗಳ ನಂತರವೂ ನರಹುಲಿ ಕಾಣಿಸಿಕೊಳ್ಳಬಹುದು. ಇಂದು ಕಂಡ ನರಹುಲಿಯನ್ನು ನಿನ್ನೆಯ ತಪ್ಪಿಗೆ ಸಾಕ್ಷಿಯೆಂದು ಭಾವಿಸಿ ದಂಪತಿಗಳು ಒಬ್ಬರನ್ನೊಬ್ಬರು ಸಂಶಯಿಸುವುದು ಸರಿಯಲ್ಲ.

ರೋಗಿಯು ಮನೆಯಲ್ಲಿಯೇ ಲೇಪಿಸಿಕೊಳ್ಳಬಹುದಾದ ಔಷಧಗಳು ಇಂದು ಇವೆ. ಆದರೆ ಔಷಧವನ್ನು ತಾನೇ ಹಚ್ಚಿಕೊಳ್ಳುವುದು ಬೇರೆ, ರೋಗವನ್ನು ತಾನೇ ನಿರ್ಧರಿಸುವುದು ಬೇರೆ. ಜನನಾಂಗದ ಮೇಲಿನ ಗುಳ್ಳೆಗಳೆಲ್ಲವೂ ನರಹುಲಿಗಳಲ್ಲ. ಸಿಫಿಲಿಸ್ ರೋಗದ ಎರಡನೆಯ ಹಂತದಲ್ಲಿ ಚಪ್ಪಟೆಯಾದ, ಒದ್ದೆಯಾದ ಗಂಟುಗಳು ಇದೇ ಜಾಗದಲ್ಲಿ ಏಳುತ್ತವೆ. ಅದಕ್ಕೆ ಬೇಕಾದುದು ಪೆನಿಸಿಲಿನ್ ಚುಚ್ಚುಮದ್ದೇ ಹೊರತು ಮುಲಾಮಲ್ಲ. ಶಿಶ್ನದ ತುದಿಯ ಅಂಚಿನಲ್ಲಿ ಸಾಲಾಗಿ ಕಾಣುವ ಸಣ್ಣ ಮುತ್ತಿನಂಥ ಕಣಗಳು ರೋಗವೇ ಅಲ್ಲ. ಈ ವ್ಯತ್ಯಾಸವನ್ನು ಬಲ್ಲವರು ವೈದ್ಯರು. ಆದ್ದರಿಂದ ಮೊದಲ ಹೆಜ್ಜೆ ಚರ್ಮ ಮತ್ತು ಲೈಂಗಿಕ ರೋಗಗಳ ವೈದ್ಯರಿಂದ ತಪಾಸಣೆ. ಸಿಫಿಲಿಸ್ ಮತ್ತು ಎಚ್.ಐ.ವಿ. ರಕ್ತಪರೀಕ್ಷೆಗಳನ್ನೂ ಅದೇ ಸಮಯದಲ್ಲಿ ಮಾಡಿಸುವುದು ಒಳ್ಳೆಯದು.

ವೈದ್ಯರು ಸೂಚಿಸಬಹುದಾದ ಔಷಧಗಳು ಮುಖ್ಯವಾಗಿ ಮೂರು.

ಮೊದಲನೆಯದು ಇಮಿಕ್ವಿಮಾಡ್ ಕ್ರೀಮ್. ಇದು ನರಹುಲಿಯನ್ನು ಸುಡುವುದಿಲ್ಲ. ಆ ಜಾಗದಲ್ಲಿ ದೇಹದ ರೋಗನಿರೋಧಕ ಶಕ್ತಿಯನ್ನು ಎಚ್ಚರಿಸುತ್ತದೆ. ಶೇಕಡಾ 5ರ ಕ್ರೀಮನ್ನು ವಾರಕ್ಕೆ 3 ರಾತ್ರಿ, ಉದಾಹರಣೆಗೆ ಸೋಮವಾರ, ಬುಧವಾರ ಮತ್ತು ಶುಕ್ರವಾರ, ಮಲಗುವ ಮುನ್ನ ತೆಳುವಾಗಿ ಹಚ್ಚಿ, 6ರಿಂದ 10 ಗಂಟೆಗಳ ನಂತರ ಸೋಪು ನೀರಿನಿಂದ ತೊಳೆಯಬೇಕು. ಹೆಚ್ಚೆಂದರೆ 16 ವಾರಗಳವರೆಗೆ ಮುಂದುವರಿಸಬಹುದು. ಸ್ವಲ್ಪ ಕೆಂಪು, ತುರಿಕೆ ಸಹಜ.

ಎರಡನೆಯದು ಪೊಡೊಫಿಲೊಟಾಕ್ಸಿನ್. ಶೇಕಡಾ 0.5ರ ದ್ರಾವಣವನ್ನು ಬೆಳಿಗ್ಗೆ ಸಂಜೆ 3 ದಿನ ಹಚ್ಚಿ, 4 ದಿನ ಬಿಡುವು ಕೊಡಬೇಕು. ಇಂಥ ಆವರ್ತನೆಗಳು 4ನ್ನು ಮೀರಬಾರದು. ಒಂದು ದಿನಕ್ಕೆ ಅರ್ಧ ಮಿಲಿಲೀಟರಿಗಿಂತ ಹೆಚ್ಚು ಬಳಸಬಾರದು. ಹಚ್ಚುವ ಜಾಗ 10 ಚದರ ಸೆಂಟಿಮೀಟರನ್ನು ಮೀರಬಾರದು.

ಇಲ್ಲೊಂದು ಎಚ್ಚರಿಕೆ ಅಗತ್ಯ. ಹಿಮಾಲಯದಲ್ಲಿ ಬೆಳೆಯುವ, ಹಿಂದಿಯಲ್ಲಿ ಬನ್‌ಕಕ್ಡಿ ಎನ್ನುವ ಗಿಡದ ಬೇರುಗಳಿಂದ ಪೊಡೊಫಿಲಿನ್ ಎಂಬ ರಾಳ ದೊರೆಯುತ್ತದೆ. ಪೊಡೊಫಿಲೊಟಾಕ್ಸಿನ್ ಅದರೊಳಗಿನ ಶುದ್ಧೀಕರಿಸಿದ ಒಂದು ಅಂಶ ಮಾತ್ರ. ಹೆಸರುಗಳು ಒಂದೇ ಬಗೆಯಾಗಿ ಕೇಳಿಸಿದರೂ ರಾಳದ ದ್ರಾವಣವು ಮನೆಯ ಔಷಧವಲ್ಲ. ವೈದ್ಯರೇ ಹಚ್ಚಿ, ಕೆಲವು ಗಂಟೆಗಳೊಳಗೆ ತೊಳೆಸತಕ್ಕದ್ದು. ಮಿತಿಮೀರಿ ಹಚ್ಚಿದರೆ ಅದು ರಕ್ತಕ್ಕೆ ಸೇರಿ ನರಗಳಿಗೆ ಹಾನಿ ಮಾಡುತ್ತದೆ. ಸಾವು ಸಂಭವಿಸಿದ ನಿದರ್ಶನಗಳೂ ಇವೆ. ಸೀಸೆಯ ಮೇಲಿನ ಹೆಸರನ್ನು ಓದದೆ ಅಂಗಡಿಯಿಂದ ಕೊಂಡು ತರುವುದು ಅಪಾಯಕರ.

ಮೂರನೆಯದು ಹಸಿರು ಚಹಾ ಎಲೆಗಳ ಸಾರದಿಂದ ತಯಾರಿಸಿದ ಸೈನೆಕ್ಯಾಟೆಚಿನ್ಸ್ ಮುಲಾಮು. ಅಮೆರಿಕದಲ್ಲಿ ಇದಕ್ಕೆ 2006ರಲ್ಲಿ ಅನುಮತಿ ದೊರೆಯಿತು. ದಿನಕ್ಕೆ 3 ಬಾರಿ, ಹೆಚ್ಚೆಂದರೆ 16 ವಾರ ಹಚ್ಚುವ ಪದ್ಧತಿಯಿದೆ. ಮನೆಯಲ್ಲಿ ಚಹಾ ಎಲೆ ಅರೆದು ಹಚ್ಚುವುದಕ್ಕೂ ಇದಕ್ಕೂ ಸಂಬಂಧವಿಲ್ಲ.

ಔಷಧ ಯಾವುದೇ ಇರಲಿ, ಕೆಲವು ನಿಯಮಗಳು ಸಮಾನ. ಹಚ್ಚುವ ಮೊದಲೂ ನಂತರವೂ ಕೈ ತೊಳೆಯಬೇಕು. ಔಷಧವು ನರಹುಲಿಯ ಮೇಲೆ ಮಾತ್ರ ಬೀಳಬೇಕು. ಯೋನಿಯ ಒಳಗೆ, ಮೂತ್ರನಾಳದಲ್ಲಿ, ಗುದದ್ವಾರದ ಒಳಗೆ, ತೆರೆದ ಗಾಯದ ಮೇಲೆ ಹಚ್ಚಕೂಡದು. ಚರ್ಮ ಹುಣ್ಣಾದರೆ ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಬೇಗ ಗುಣವಾಗಲೆಂದು ಪ್ರಮಾಣ ಹೆಚ್ಚಿಸುವುದರಿಂದ ಹುಣ್ಣು ಹೆಚ್ಚುವುದೇ ಹೊರತು ಗುಣವಲ್ಲ. ಇಮಿಕ್ವಿಮಾಡ್ ಮತ್ತು ಚಹಾ ಸಾರದ ಮುಲಾಮು ನಿರೋಧನ್ನು ದುರ್ಬಲಗೊಳಿಸುತ್ತವೆಯಾದ್ದರಿಂದ, ಮುಲಾಮು ಮೈಮೇಲಿರುವಾಗ ಸಂಪರ್ಕ ಸಲ್ಲದು. ಗರ್ಭಿಣಿಯರು ಈ ಮೂರನ್ನೂ ಬಳಸಬಾರದು. ಅವರಿಗೆ ವೈದ್ಯರು ದ್ರವ ಸಾರಜನಕದಿಂದ ಹೆಪ್ಪುಗಟ್ಟಿಸುವಂಥ ಬೇರೆ ಚಿಕಿತ್ಸೆ ನೀಡಬಲ್ಲರು. ರಕ್ತ ಸುರಿಯುವ, ಗಟ್ಟಿಯಾದ ಅಥವಾ ಕಪ್ಪಾದ ಗಂಟಿಗೆ ಮನೆಯ ಲೇಪನ ಕೂಡದು.

ನರಹುಲಿ ಉದುರಿದರೂ ವೈರಸ್ ಚರ್ಮದಲ್ಲಿ ಸ್ವಲ್ಪ ಕಾಲ ಉಳಿಯಬಹುದು. ಮೊದಲ 3 ತಿಂಗಳಲ್ಲಿ ಮರಳಿ ಬರುವುದು ಅಪರೂಪವಲ್ಲ. ಅದು ಔಷಧದ ಸೋಲೂ ಅಲ್ಲ, ರೋಗಿಯ ದೋಷವೂ ಅಲ್ಲ. ನಿರೋಧ್ ಬಳಕೆ ಅಪಾಯವನ್ನು ತಗ್ಗಿಸುತ್ತದೆ, ಪೂರ್ತಿ ತಡೆಯದು. ಸಂಗಾತಿಯೂ ತಪಾಸಣೆ ಮಾಡಿಸಿಕೊಳ್ಳಬೇಕು. 30 ವರ್ಷ ದಾಟಿದ ಮಹಿಳೆಯರು, ನರಹುಲಿ ಇರಲಿ ಇಲ್ಲದಿರಲಿ, ಗರ್ಭಕೊರಳಿನ ಪರೀಕ್ಷೆ ಮಾಡಿಸಿಕೊಳ್ಳುವುದು ಹಿತಕರ. ಇನ್ನೂ ಸೋಂಕು ತಗಲದ ಕಿರಿಯರಿಗೆ ಲಸಿಕೆಯಿದೆ. ಪುಣೆಯಲ್ಲಿ ತಯಾರಾಗುವ, 2022ರಲ್ಲಿ ಅನುಮತಿ ಪಡೆದ ಸ್ವದೇಶಿ ಲಸಿಕೆ 6, 11, 16 ಮತ್ತು 18ನೆಯ ಬಗೆಗಳನ್ನು ತಡೆಯುತ್ತದೆ. ಈಗಾಗಲೇ ಎದ್ದ ನರಹುಲಿಗೆ ಅದು ಮದ್ದಲ್ಲ.

ಸರ್ಕಾರಿ ಆಸ್ಪತ್ರೆಗಳ ಸುರಕ್ಷಾ ಕ್ಲಿನಿಕ್‌ಗಳಲ್ಲಿ ಲೈಂಗಿಕ ರೋಗಗಳ ತಪಾಸಣೆ ಮತ್ತು ಸಲಹೆ ದೊರೆಯುತ್ತವೆ. 1097 ಸಂಖ್ಯೆಗೆ ಉಚಿತವಾಗಿ ದೂರವಾಣಿ ಮಾಡಿ ವಿಚಾರಿಸಬಹುದು. ರೋಗಿಯ ಗುಟ್ಟನ್ನು ಕಾಯುವುದು ವೈದ್ಯರ ವೃತ್ತಿಧರ್ಮ. ಭಾಷೆ ತೊಡಕಾದರೆ ಎರಡು ಸಾಲು ಚೀಟಿಯಲ್ಲಿ ಬರೆಸಿ ಕೊಟ್ಟರೂ ಸಾಕು. ಹತ್ತು ನಿಮಿಷದ ಸಂಕೋಚವನ್ನು ನುಂಗಿದವರು ಹಲವು ತಿಂಗಳ ನೋವನ್ನು ತಪ್ಪಿಸಿಕೊಳ್ಳುತ್ತಾರೆ.