ನುಗ್ಗಿಯ ಗಿಡವೂ ಅರಭಾವಿಯ ಸಂಶೋಧನೆಯೂ



ದಾಸೋಹದ ಮಾತು ಬಂದಾಗ ಎಷ್ಟು ಜನರು ಉಂಡರೆಂದು ಎಣಿಸುವ ರೂಢಿಯುಂಟು. ಉಂಡವರ ಮೈಗೆ ಏನು ಹತ್ತಿತೆಂದು ಕೇಳುವವರು ವಿರಳ. ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡಗಳ ನೀರಾವರಿ ಹೊಲಗಳಲ್ಲಿ ಕಬ್ಬು ತುಂಬಿ ನಿಂತಿರುವದು. ನಿಪ್ಪಾಣಿಯ ಹೆಸರು ತಂಬಾಕಿನಿಂದಲೇ ದೂರದೂರಕ್ಕೆ ಮುಟ್ಟಿತು. ಇವು ಹಣ ತರುವ ಬೆಳೆಗಳು, ನಿಜ. ಆದರೆ ಬಸುರಿಯ ರಕ್ತಹೀನತೆಯನ್ನಾಗಲಿ ಕೂಸಿನ ಎಲುಬಿನ ದೌರ್ಬಲ್ಯವನ್ನಾಗಲಿ ಕಬ್ಬು ನೀಗಲಾರದು; ತಂಬಾಕಿನ ಮಾತಂತೂ ಬೇಡವೇ ಬೇಡ.

ಈ ಕೊರತೆಯನ್ನು ಕೆಲಮಟ್ಟಿಗಾದರೂ ತುಂಬಬಲ್ಲ ಗಿಡವು ಹಿತ್ತಲಲ್ಲಿಯೇ ಇರುವದು. ಅದೇ ನುಗ್ಗಿ. ಅದರ 100 ಗ್ರಾಂ ಹಸಿ ತಪ್ಪಲಲ್ಲಿ ಸುಮಾರು 6 ಗ್ರಾಂ ಸಸಾರಜನಕವೂ 300 ಮಿಲಿಗ್ರಾಮಿಗೆ ಮಿಕ್ಕಿದ ಸುಣ್ಣದ ಅಂಶವೂ ಉಂಟು. ಅಷ್ಟೇ ತೂಕದ ಆಕಳ ಹಾಲಿನಲ್ಲಿ ಸುಣ್ಣದ ಅಂಶವು 120 ಮಿಲಿಗ್ರಾಮಿನ ಆಸುಪಾಸು. ಹೀಗಿದ್ದೂ ಕಾಯಿಯನ್ನು ಸಾರಿಗೆ ಹಾಕಿ ತಪ್ಪಲನ್ನು ತಿಪ್ಪೆಗೆ ಎಸೆಯುವ ಮನೆಗಳುಂಟು. ನುಗ್ಗಿಯನ್ನು ಮನೆಯ ಮುಂದೆ ಹಚ್ಚಬಾರದೆಂಬ ನಂಬಿಗೆ ಬೇರೆ! ಅದರ ಟೊಂಗೆ ಬಲು ಪೆಳಸು, ಏರಿದ ಹುಡುಗರು ಬೀಳುವರು. ಈ ಎಚ್ಚರಿಕೆಯೇ ಕಾಲಾಂತರದಲ್ಲಿ ಅಪಶಕುನದ ವೇಷ ತೊಟ್ಟಿರಬೇಕು.

ಆ ಭಯಕ್ಕೂ ಈಗ ಎಡೆಯಿಲ್ಲ. ಹಿಂದೆ ಟೊಂಗೆಯನ್ನು ಕಡಿದು ನೆಡುತ್ತಿದ್ದರು, ಗಿಡವು ಮುಗಿಲಿಗೇರುತ್ತಿತ್ತು. ತಮಿಳುನಾಡಿನ ಪೆರಿಯಕುಳಂನ ವಿಜ್ಞಾನಿಗಳು ಬೀಜದಿಂದ ಬೆಳೆದು ವರ್ಷದೊಳಗೆ ಕಾಯಿ ಬಿಡುವ ತಳಿಯನ್ನು 1989ರಲ್ಲಿ ಹೊರತಂದರು. ಬಳಿಕ ರಾಯಬಾಗಕ್ಕೆ ನೆರೆಯಾದ ಘಟಪ್ರಭಾ ಸೀಮೆಯ ಅರಭಾವಿಯಲ್ಲಿ, ಕಿತ್ತೂರು ರಾಣಿ ಚೆನ್ನಮ್ಮ ತೋಟಗಾರಿಕೆ ಮಹಾವಿದ್ಯಾಲಯದ ಸಂಶೋಧಕರು ‘ಭಾಗ್ಯ’ವೆಂಬ ಗಿಡ್ಡ ತಳಿಯನ್ನು ಸಿದ್ಧಪಡಿಸಿದರು. ಈ ಮಹಾವಿದ್ಯಾಲಯವು 2008ರಲ್ಲಿ ಸ್ಥಾಪಿತವಾದ ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯಕ್ಕೆ ಸೇರಿದುದು. ಸಸಿಯು ಎರಡು ಮೂರು ಅಡಿ ಬೆಳೆದೊಡನೆ ಕುಡಿಯನ್ನು ಚಿವುಟಿದರೆ ಸುತ್ತಲೂ ಟೊಂಗೆಯೊಡೆಯುವದು. ತಪ್ಪಲು ಕಾಯಿಗಳೆರಡೂ ನಿಂತ ನಿಲುವಿನಲ್ಲಿಯೇ ಕೈಗೆ ಸಿಗುವವು.

ಆದರೆ ಸ್ಥಳವನ್ನು ನೋಡಿ ಹಚ್ಚಬೇಕು. ಅತಿಯಾಗಿ ನೀರುಂಡು ಜವಳಾದ ಹೊಲಗಳು ನದೀತೀರದಲ್ಲಿ ಹಲವು. ಅಲ್ಲಿ ನುಗ್ಗಿಯ ಬೇರು ಕೊಳೆಯುವದು. ನೀರು ಬಸಿದುಹೋಗುವ ಮಡ್ಡಿ ಭೂಮಿಯೇ ಅದಕ್ಕೆ ಹಿತ.

ಜೋಳದ ರೊಟ್ಟಿಯೊಡನೆ ನುಗ್ಗಿತಪ್ಪಲ ಪಲ್ಯವನ್ನು ಬಡಿಸುವಾಗ ಮೇಲೆ ಲಿಂಬಿಯ ರಸವನ್ನು ಹಿಂಡುವದು ಒಳ್ಳೆಯದು; ಅದರಿಂದ ತಪ್ಪಲಿನ ಕಬ್ಬಿಣಾಂಶವು ಮೈಗೆ ಹೆಚ್ಚು ಹತ್ತುವದು. ಉಳಿದ ತಪ್ಪಲನ್ನು ಬಿಸಿಲಿಗೆ ಹಾಕದೆ ನೆರಳಿನಲ್ಲಿ ಒಣಗಿಸಿ ಪುಡಿ ಮಾಡಿಟ್ಟರೆ ಬೇಸಿಗೆಯಲ್ಲಿ ಬೇಳೆಗೆ ಬೆರೆಸಲು ಒದಗುವದು. ಬೇರು, ಬೇರಿನ ತೊಗಟೆಗಳನ್ನು ಮಾತ್ರ ಬಸುರಿಯರಿಗೆ ಕೊಡಲಾಗದು.